ಮುತ್ತಜ್ಜಿಯ ಮೂರು ಗದ್ದಗಳು

ಪೆನ್ಸಿಲ್ ಗೀಟುಗಳ ಹುಚ್ಚು ನನಗೆ ಹಿಡಿದದ್ದು ಪವಾಯಿಯ ನಮ್ಮ ಆಫೀಸಿನಲ್ಲಿ, ಸಾಹೇಬರೊಬ್ಬರ ನಿವೃತ್ತಿಯ ದಿನ. ಅವರಿಗೆ ಕೊಡಲೆಂದು ಬಾಂದ್ರಾದ ಮರಾಠಿ ಚಿತ್ರಕಾರರೊಬ್ಬರಿಂದ ಭಾವಚಿತ್ರ ಬರೆಸಿದ್ದರು. ದೊಡ್ಡ ಬಣ್ಣದ ಚಿತ್ರ, ಬಂಗಾರದ ಬಣ್ಣದ ಚೌಕಟ್ಟು. ಸಾಹೇಬರು ಅದರಲ್ಲಿ ಕ್ಯಾಲೆಂಡರಿನ ದೇವರ ಹಾಗೆ ಹೊಳೆಯುತ್ತಿದ್ದರು. ಎಲ್ಲರೂ ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಆಮೇಲೆ ಸಮೋಸಾದ ತಟ್ಟೆ ಹಿಡಿದುಕೊಂಡು ಆ ಚಿತ್ರಕಾರರ ಪಕ್ಕಕ್ಕೆ ಹೋದರೆ, ಅವರ ತೆರೆದ ಫೈಲಿನಲ್ಲಿ ನಾಲ್ಕಾರು ಹಾಳೆಗಳು ಕಂಡವು.

ಅದೇ ಸಾಹೇಬರು, ಬರೀ ಪೆನ್ಸಿಲ್ಲಿನಲ್ಲಿ. ಒಂದು ಹಾಳೆಯಲ್ಲಿ ತಲೆಯೆಂದರೆ ಬರೀ ಮೊಟ್ಟೆಯಾಕಾರ, ನಡುವೆ ಒಂದು ಉದ್ದಗೀಟು, ಒಂದು ಅಡ್ಡಗೀಟು. ಇನ್ನೊಂದರಲ್ಲಿ ಕಿವಿ ಎರಡು ಕಡೆ ಕೂತು ನೋಡಿ, ಕೊನೆಗೆ ಮೂರನೆಯ ಕಡೆ ನೆಲೆಯೂರಿತ್ತು. ಮತ್ತೊಂದರಲ್ಲಿ ಬರೀ ಬಲಗಣ್ಣು, ಮಧ್ಯಾಹ್ನದ ಮೀಟಿಂಗಿನಲ್ಲಿ ತಾನೊಂದೇ ನಿದ್ದೆಗೆ ಜಾರುತ್ತಿದ್ದ ಅದೇ ಕಣ್ಣು! "ಅಯ್ಯಯ್ಯ, ಖರೇ ಸಾಹೇಬರು ಇಲ್ಲಿ ಇದ್ದಾರಲ್ಲ!" ಎಂದು ನಾನು ಕನ್ನಡದಲ್ಲೇ ಕೂಗಿಬಿಟ್ಟೆ. ನನ್ನದು ಮೊದಲಿನಿಂದಲೂ ಹಾಗೆ. ಖುಷಿಯಾದರೆ ನಾಲ್ಕು ಮನೆಗೆ ಕೇಳಬೇಕು. ಧಾರವಾಡದ ನಮ್ಮ ತವರಿನಲ್ಲಿ ನನಗೆ ಡಂಗುರ ಅಂತಲೇ ಕರೆಯುತ್ತಿದ್ದರು.

ಚಿತ್ರಕಾರರು ಬೆಚ್ಚಿಬಿದ್ದು ಆಮೇಲೆ ನಕ್ಕರು. "ಯೆ ತೋ ಕಿಚನ್ ಹೈ ಮೇಡಂ," ಎಂದರು. "ಮೆಹಮಾನ್ ಕೋ ಕಿಚನ್ ಕೌನ್ ದಿಖಾತಾ ಹೈ?"

ನಾನು ಅತಿಥಿಯಾಗಿ ಹೋದರೂ ಅಡುಗೆಮನೆಯಲ್ಲೇ ಕೂತು ಹರಟುವ ಜಾತಿಯವಳು. ಆ ಹಾಳೆಗಳನ್ನು ಒಂದೊಂದಾಗಿ ಇಸಿದುಕೊಂಡು ನೋಡಿದೆ. ಅವರು ರಬ್ಬರ್ ಬಳಸುವುದೇ ಇಲ್ಲವಂತೆ. ತಪ್ಪಿದ ಗೀಟು ತಪ್ಪಿದ ಜಾಗದಲ್ಲೇ ಇರುತ್ತದೆ, ಅದರ ಪಕ್ಕದಲ್ಲಿ ಇನ್ನೊಂದು ಗೀಟು ಬರುತ್ತದೆ, ಅದೂ ಸರಿಯಾಗದಿದ್ದರೆ ಮತ್ತೊಂದು. ಎಲ್ಲಿ ಕೈ ಅನುಮಾನಿಸಿದೆಯೋ ಅಲ್ಲಿ ಗೀಟು ತೆಳುವು, ಎಲ್ಲಿ ಸಿಕ್ಕಿತು ಎಂದು ಗೊತ್ತಾಗಿದೆಯೋ ಅಲ್ಲಿ ಪೆನ್ಸಿಲ್ಲು ಕಾಗದಕ್ಕೆ ಒತ್ತಿಕೊಂಡಿದೆ. ಪೂರ್ತಿಯಾದ ಚಿತ್ರದಲ್ಲಿ ಇದೊಂದೂ ಕಾಣುವುದಿಲ್ಲ, ಅಲ್ಲಿ ಎಲ್ಲವೂ ಹುಟ್ಟುವಾಗಲೇ ಸರಿಯಿದ್ದಂತೆ ಕೂತುಬಿಟ್ಟಿರುತ್ತದೆ. ಅವತ್ತು ಮನೆಗೆ ಬಂದು ರೊಟ್ಟಿ ಬಡಿಯುತ್ತಾ ಇದನ್ನೇ ಹೇಳಿದ್ದೇ ಹೇಳಿದ್ದು. ನಮ್ಮವರು ಟಿವಿಯ ಸದ್ದು ಏರಿಸಿದರು.

ಅದೇ ಹೊತ್ತಿಗೆ ನಮ್ಮ ಅತ್ತೆಯ ಸಹಸ್ರಚಂದ್ರ ದರ್ಶನದ ಸುದ್ದಿ ಎದ್ದಿತು. ಸಾವಿರ ಹುಣ್ಣಿಮೆ ಕಂಡ ಜೀವಕ್ಕೆ ಮಕ್ಕಳು ಮೊಮ್ಮಕ್ಕಳು ಸೇರಿ ಆರತಿ ಎತ್ತುವ ಸಮಾರಂಭ. ಅತ್ತೆ ಮೂಲತಃ ವಿಜಯಪುರದ ಕಡೆಯವರು, ವಿಕ್ರೋಳಿಯ ಕಾಲೋನಿಯಲ್ಲಿ ನಮ್ಮ ಜೊತೆಗೇ ಇರುವವರು, ಮಾತು ಮೆಣಸಿನಕಾಯಿ. ಬೆಳಗಾವಿಯಲ್ಲಿರುವ ನಮ್ಮ ಭಾವನವರು ಫೋನಿನಲ್ಲಿ ಅವ್ವನದೊಂದು ದೊಡ್ಡ ಭಾವಚಿತ್ರ ಬರೆಸೋಣ ಎಂದರು. ನಾನು ಕುಣಿದಾಡಿದೆ, ಚಿತ್ರಕಾರರು ನನ್ನ ಕಿಸೆಯಲ್ಲೇ ಇದ್ದರಲ್ಲ. ಅತ್ತೆ ಮಾತ್ರ ತಲೆ ಕೊಡವಿದರು.

"ನನ್ನ ಮಾರಿ ಏನ್ ಬರಸ್ತೀರಿ? ದಿನಾ ಕನ್ನಡ್ಯಾಗ ನೋಡಿ ಸಾಕಾಗ್ಯದ. ಬರಸೋದೇ ಇದ್ರ ನಮ್ಮವ್ವನ್ನ ಬರಸ್ರಿ."

ಅತ್ತೆಯ ತಾಯಿಯ ಫೋಟೋ ಎಂಬುದೇ ಇಲ್ಲ. ಅತ್ತೆ ಆರೋ ಏಳೋ ವರ್ಷದವರಿದ್ದಾಗ ಆಕೆ ತೀರಿಕೊಂಡಿದ್ದರು, ಅತ್ತೆ ಸೋದರತ್ತೆಯ ಮನೆಯಲ್ಲಿ ಬೆಳೆದಿದ್ದರು. ಮನೆಯಲ್ಲಿ ಹಿರಿಯರ ಫೋಟೋಗಳಿಗೆ ಹೂವೇರಿಸುವ ದಿನ ಬಂದರೆ ಅತ್ತೆ ಒಂದು ಹೂವನ್ನು ಬರೀ ಗೋಡೆಗೆ ತೋರಿಸಿ ಕೆಳಗಿಡುತ್ತಿದ್ದರು. ತಾಯಿಯ ಮಾತು ಬಂದಾಗೆಲ್ಲ ಅವರ ದನಿ ಸಿಡಿಯುತ್ತಿತ್ತು. "ಬಿಟ್ಟು ಹೋದಾಕಿ," ಎನ್ನುತ್ತಿದ್ದರು. "ನಾ ಸೆರಗ ಹಿಡಕೊಂಡ ಕುಂತಿದ್ದೆ, ಬಿಡಿಸಿಕೊಂಡು ಹೋದ್ಲು. ಒಂದ ಮಾತ ಹೇಳಲಿಲ್ಲ." ಸತ್ತವರ ಮೇಲೆ ಇಷ್ಟು ದೀರ್ಘ ಸಿಟ್ಟನ್ನು ನಾನು ಬೇರೆಲ್ಲೂ ಕಂಡಿಲ್ಲ. ಅವತ್ತು ಮಾತ್ರ ಸಿಟ್ಟಿಲ್ಲದೆ ಹೇಳಿದರು: "ಮಾರಿ ಮರತ್ಹೋಗ್ಯದ ನನಗ. ಹೋಗೂದ್ರಾಗ ಒಮ್ಮೆ ನೋಡಬೇಕು."

ಕಾಣದವರ ಮುಖವನ್ನು ಬರೆಯುವುದು ಹೇಗೆ? ನಾನು ಚಿತ್ರಕಾರರಿಗೆ ಫೋನು ಹಚ್ಚಿ, "ಸರ್, ಫೋಟೋ ಇಲ್ಲ, ಮನುಷ್ಯಳೂ ಇಲ್ಲ. ನೋಡಿದವರು ಒಬ್ಬರೇ, ಅವರಿಗೂ ಮರೆತುಹೋಗಿದೆ. ಬರೆಯುತ್ತೀರಾ?" ಎಂದೆ. ಬೈದು ಫೋನ್ ಇಡುತ್ತಾರೆ ಎಂದುಕೊಂಡಿದ್ದೆ. ಆ ಕಡೆಯಿಂದ ಬಂದದ್ದು, "ರವಿವಾರ ಚಲೇಗಾ?"

ಭಾನುವಾರ ಬಂದರು. ಅತ್ತೆಗೆ ಕನ್ನಡ ಬಿಟ್ಟರೆ ಮಾರ್ಕೆಟ್ಟಿನ ಹಿಂದಿ ಅಷ್ಟೇ, ಅವರಿಗೆ ಕನ್ನಡದ ಗಂಧವಿಲ್ಲ. ನಡುವೆ ದುಭಾಷಿ ನಾನು. ಅವರು ತೊಡೆಯ ಮೇಲೆ ಹಲಗೆ ಇಟ್ಟುಕೊಂಡು, ಮೊದಲು ಹಗುರಾಗಿ ಒಂದು ಮೊಟ್ಟೆಯಾಕಾರ ಎಳೆದರು. "ಆಜಿ, ನಿಮ್ಮ ತಾಯಿಯ ಮೂಗು ಹೇಗಿತ್ತು?"

ಅತ್ತೆ ಹೇಳಿದರು, ನಾನು ಹಿಂದಿಯಲ್ಲಿ ಹೇಳಿದೆ, ಅವರು ಬರೆದರು. ಬರೆದದ್ದನ್ನು ನೋಡಿ ಅತ್ತೆ ಅಂದರು, "ಅಲ್ಲ." ಮತ್ತೊಂದು ಹಾಳೆ. "ಊಹೂಂ." ಮತ್ತೊಂದು. "ಇದ್ಯಾವಾಕಿ? ನಮ್ಮ ಓಣ್ಯಾಗ ಹಾಲು ಮಾರಾಕಿ ಇದ್ದಂಗ ಇದ್ದಾಳ." ಹಣೆ ಇಷ್ಟು ಅಗಲ ಇತ್ತೇ? ಗೊತ್ತಿಲ್ಲ. ಹುಬ್ಬು? ಗೊತ್ತಿಲ್ಲ. ಕಣ್ಣು? ಅತ್ತೆ ತಮ್ಮ ಕಣ್ಣು ಮುಚ್ಚಿಕೊಂಡು, "ಬರವಲ್ತು," ಎಂದರು. ಕೂಡಲೇ ನಾನು, "ಚಾ ಮಾಡ್ತೀನ್ರೀ ಅತ್ತೀ," ಎಂದು ಎದ್ದುಬಿಟ್ಟೆ.

ಆದರೆ ನನಗೆ ಆ ಹಾಳೆಗಳನ್ನು ನೋಡಿ ನೋಡಿ ತೃಪ್ತಿಯೇ ಇಲ್ಲ! ಒಂದೊಂದೂ ಯಾವಳೋ ಒಬ್ಬಳು ಮುದುಕಿ. ಒಬ್ಬಳು ಯಾರಿಗೋ ಬೈಯಲು ಬಾಯಿ ತೆರೆದಂತೆ, ಒಬ್ಬಳು ಎಲೆಯಡಿಕೆ ಜಗಿಯುತ್ತಿರುವಂತೆ. ಮುಖದ ಅರ್ಧ ಭಾಗವನ್ನು ಖಾಲಿ ಬಿಟ್ಟಿದ್ದರೂ ಕಣ್ಣು ತಾನಾಗಿಯೇ ಅದನ್ನು ತುಂಬಿಕೊಳ್ಳುತ್ತಿತ್ತು. ಕಾಗದದ ಅಂಚಿನಲ್ಲಿ ಬರೀ ಮೂಗಿನ ಹೊಳ್ಳೆಗಳ ಸಾಲು, ಒಂದರ ಪಕ್ಕ ಒಂದು, ರುಚಿ ನೋಡಲು ಅಂಗೈ ಮೇಲೆ ಹಾಕಿಕೊಂಡ ಸಾರಿನ ಹಾಗೆ. ಇವರೆಲ್ಲ ನಮ್ಮ ಮುತ್ತಜ್ಜಿ ಅಲ್ಲ, ಸರಿ. ಆದರೂ ಎಸೆಯುವುದೆಂದರೇನು? ನಾನು ಕೇಳಿದ್ದಕ್ಕೆ ಚಿತ್ರಕಾರರು, "ಒಂದನ್ನೂ ಎಸೆಯುವುದಿಲ್ಲ. ಯಾವುದು ಅಲ್ಲ ಎಂದು ಗೊತ್ತಾಗುವುದೂ ಕೆಲಸವೇ," ಎಂದು ಎಲ್ಲವನ್ನೂ ಫೈಲಿಗೆ ಸೇರಿಸಿದರು. ಅತ್ತೆ ಏನಾದರೂ "ಇದು ಸ್ವಲ್ಪ ಹಂಗ ಅದ" ಎಂದಿದ್ದರೆ ಅಷ್ಟು ಜಾಗದ ಸುತ್ತ ಹಗುರಾಗಿ ಒಂದು ಸುತ್ತು ಹಾಕಿಡುತ್ತಿದ್ದರು.

ಹೀಗೆ ಕೆಲವು ಭಾನುವಾರಗಳು ಹೋದವು. ಸಮಾರಂಭ ಹತ್ತಿರ ಬರುತ್ತಿತ್ತು, ಅತ್ತೆ ಊಟ ಕಡಿಮೆ ಮಾಡಿದರು. "ಆಕಿಗೆ ನನ್ನ ಮುಂದ ಬರೋ ಮನಸಿಲ್ಲ ಬಿಡು," ಎಂದು ಒಂದು ದಿನ ನನ್ನ ಮೇಲೇ ರೇಗಿದರು. ನಮ್ಮವರು, "ಮುದುಕಿಗೆ ಸುಮ್ನ ಆಸೆ ಹಚ್ಚಿದಿ," ಎಂದರು.

ಒಂದು ಶನಿವಾರ ಆಫೀಸಿಗೆ ರಜೆ. ಲೋಕಲ್ ಹಿಡಿದು ದಾದರಿನಲ್ಲಿ ಬದಲಿಸಿ ಬಾಂದ್ರಾಕ್ಕೆ, ಚಿತ್ರಕಾರರ ಕೋಣೆಗೇ ಹೋದೆ. ಹಳೆಯ ಬಿಲ್ಡಿಂಗಿನ ಎರಡನೇ ಮಾಳಿಗೆ, ಒಂದೇ ಕೋಣೆ, ಒಂದೇ ದೊಡ್ಡ ಕಿಟಕಿ. ಅವರು ನಮ್ಮ ಹಾಳೆಗಳನ್ನೆಲ್ಲ ನೆಲದ ಮೇಲೆ ಹಾಸಿ, ನಡುವೆ ಕಾಲಿಡಲು ಜಾಗ ಬಿಟ್ಟು, ತಾವು ಗೋಡೆಗೊರಗಿ ಕೂತಿದ್ದರು. ಯಪ್ಪಾ! ನೆಲದ ತುಂಬ ಮುದುಕಿಯರು! ಅವರ ನಡುವೆ ನಾನು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ಹೊಲದಲ್ಲಿ ಸಾಲು ದಾಟಿದಂತೆ ದಾಟಿದೆ.

"ಸುತ್ತು ಹಾಕಿದ ಜಾಗಗಳನ್ನಷ್ಟೇ ನೋಡಿ," ಎಂದರು ಅವರು.

ನೋಡಿದೆ. ಗದ್ದ. ಗದ್ದದ ಕೆಳಗಿನ ನೆರಳು. ಮೂಗಿನ ಹೊಳ್ಳೆ. ಕಿವಿಯ ಹಾಲೆ, ಅದರಲ್ಲಿ ತೂಗುವ ಓಲೆಯ ತಳ. ಇಷ್ಟೇ. ಹಣೆಗಾಗಲಿ ಹುಬ್ಬಿಗಾಗಲಿ ಒಂದು ಸುತ್ತೂ ಇಲ್ಲ.

"ಏನು ಕಾಣುತ್ತದೆ?" ಎಂದರು.

"ಗದ್ದ, ಮೂಗು..."

"ಅದಲ್ಲ. ಎಲ್ಲಿಂದ ನೋಡಿದರೆ ಇಷ್ಟೇ ಕಾಣುತ್ತದೆ?" ಎಂದು ತಾವೇ ನೆಲದ ಮೇಲೆ ಅಂಗಾತ ಮಲಗಿ ನನ್ನ ಕಡೆ ನೋಡಿದರು. ನಾನು ತಲೆ ಬಗ್ಗಿಸಿ ಅವರನ್ನು ನೋಡಿದೆ. ತೊಡೆ! ತಾಯಿಯ ತೊಡೆಯ ಮೇಲೆ ಮಲಗಿದ ಮಗುವಿಗೆ ಇಷ್ಟೇ ಕಾಣುವುದು! ಅತ್ತೆ ಏನನ್ನೂ ಮರೆತಿರಲಿಲ್ಲ, ಅವರು ಕಂಡದ್ದೇ ಅಷ್ಟು. ನಾವು ಬುದ್ಧಿವಂತರು ತಾಯಿಯನ್ನು ಎದುರಿಗೆ ಕುರ್ಚಿಯಲ್ಲಿ ಕೂರಿಸಿ, ಪಾಸ್‌ಪೋರ್ಟ್ ಫೋಟೋದ ಹಾಗೆ ನೇರ ಮುಖ ಬರೆದು, "ಇದು ಹೌದಾ" ಎಂದು ಕೇಳುತ್ತಿದ್ದೆವು.

ಆ ಮನುಷ್ಯ ಎದ್ದು ಧೂಳು ಕೊಡವಿಕೊಳ್ಳುವ ಮೊದಲೇ ನಾನು, "ಈಗಲೇ ನಡೀರಿ ನಮ್ಮನೆಗೆ!" ಎಂದೆ. "ಕಲ್, ಮೇಡಂ, ಕಲ್," ಎಂದು ಕೈ ಮುಗಿದರು. ವಾಪಸು ಬರುವಾಗ ಲೋಕಲ್‌ನಲ್ಲಿ ಕಿಟಕಿಯ ಪಕ್ಕದ ಜಾಗ ಸಿಕ್ಕಿದ್ದು ಕೂಡ ನನಗೆ ಗೊತ್ತಾಗಲಿಲ್ಲ. ಎದುರಿಗಿದ್ದ ಪ್ರತಿಯೊಬ್ಬ ಹೆಂಗಸಿನ ಗದ್ದವನ್ನು ನೋಡುತ್ತಾ ಬಂದೆ. ಒಬ್ಬಳು ಎದ್ದು ಬೇರೆ ಕಡೆ ಕೂತಳು.

ಮರುದಿನ ಅವರು ನೆಲದ ಮೇಲೆ ಕೂತು, ಕೆಳಗಿನಿಂದ ಮೇಲೆ ನೋಡುವ ಹಾಗೆ ಬರೆದರು. ಅತ್ತೆ ಹಾಳೆಯನ್ನು ಕೈಗೆ ತೆಗೆದುಕೊಂಡರು. ಈ ಸಲ "ಅಲ್ಲ" ಎನ್ನಲಿಲ್ಲ. ಹಾಳೆಯನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ಜಾಗ ಅದ," ಎಂದರು. "ಮನುಷ್ಯಾಳು ಅಲ್ಲ. ನಾ ಮಲಗಿದ ಜಾಗ ಅದೇ ಅದ, ಮ್ಯಾಲೆ ಕುಂತಾಕಿ ಯಾವಾಕೋ ಮುದುಕಿ."

ನಾನು ಸೋತು ಕೂತೆ. ದಡ ಮುಟ್ಟಿದೆವು ಎನ್ನುವಾಗ ದೋಣಿ ಹಿಂದಕ್ಕೆ ಹೋಗಿತ್ತು.

ಆಗ ಸೋಫಾದ ಮೇಲೆ ಕಾಲು ಮಡಚಿಕೊಂಡು ಫೋನು ಒತ್ತುತ್ತಿದ್ದ ನನ್ನ ಮಗಳು ತಲೆ ಎತ್ತಿದಳು. ಅವಳು ಹುಟ್ಟಿದ್ದು, ಬೆಳೆದದ್ದು, ಈಗ ಕೆಲಸಕ್ಕೆ ಹೋಗುವುದು ಎಲ್ಲ ಇಲ್ಲೇ, ಕನ್ನಡ ಅವಳ ಬಾಯಲ್ಲಿ ಎಡವುತ್ತಾ ಬರುತ್ತದೆ. "ಅಜ್ಜಿ, ಲೇಕಿನ್... ನಿಮ್ಮ ಅವ್ವ ಆವಾಗ ಎಷ್ಟು ವಯಸ್ಸು ಇತ್ತು?"

"ಎಷ್ಟಂದ್ರ..." ಅತ್ತೆ ಬೆರಳು ಮಡಚಿದರು. "ನನ್ನ ಹಡದಾಗ ಹದಿನಾರು ಅಂತಿದ್ಲು ನಮ್ಮ ಸೋದರತ್ತಿ. ಎರಡನೇ ಹೆರಿಗ್ಯಾಗ ಹೋದ್ಲು. ಆಗ ನನಗ ಆರು..." ಬೆರಳು ಅಲ್ಲೇ ನಿಂತಿತು.

"ಮೀನ್ಸ್, ಟ್ವೆಂಟಿ ಟೂ?" ಮಗಳು ಫೋನು ಕೆಳಗಿಟ್ಟಳು. "ಅಮ್ಮಾ, ನನಗಿಂತ ಛೋಟಿ!"

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಹೌದಲ್ಲ! ಎಂಬತ್ತು ದಾಟಿದ ಅತ್ತೆಯ ತಾಯಿ ಎಂದರೆ ನೂರರ ಮುದುಕಿ ಎಂದು ನಾವು ಯಾರೂ ಯಾರಿಗೂ ಹೇಳದೆಯೇ ಒಪ್ಪಿಕೊಂಡುಬಿಟ್ಟಿದ್ದೆವು. ನಾನು ಚಿತ್ರಕಾರರಿಗೆ ಮೊದಲ ದಿನದಿಂದ "ನಮ್ಮ ಮುತ್ತಜ್ಜಿ, ಪರದಾದಿ" ಅಂತಲೇ ಹೇಳುತ್ತಾ ಬಂದವಳು. ಅವರು ಪಾಪ, ಕೇಳಿದಂತೆ ಸುಕ್ಕು ಬರೆದರು, ಬಿಳಿ ಕೂದಲು ಬರೆದರು. ಅತ್ತೆಗಾದರೂ ಹೊಳೆಯಬೇಡವೇ? ಇಲ್ಲ, ಅವರ ಮನಸ್ಸಿನಲ್ಲೂ ಅವ್ವ ಎಂದರೆ ಎಂದೆಂದಿಗೂ ತಮಗಿಂತ ದೊಡ್ಡವಳು. ನಾನು ಹಿಂದಿಯಲ್ಲಿ ವಿಷಯ ಹೇಳಿದಾಗ ಚಿತ್ರಕಾರರು ಹಣೆ ಚಚ್ಚಿಕೊಂಡರು.

ಆಮೇಲೆ ಮಗಳನ್ನು ಕುರ್ಚಿಯ ಮೇಲೆ ಕೂರಿಸಿದರು, ಕೂದಲು ಹಿಂದಕ್ಕೆ ಬಿಗಿದು ಕಟ್ಟಿಸಿದರು, ತಾವು ಅವಳ ಕಾಲ ಬಳಿ ಕೂತು ಹೊಸ ಹಾಳೆ ತೆಗೆದರು. ಪೆನ್ಸಿಲ್ಲು ಓಡತೊಡಗಿತು. ಮೊದಲು ಮೈಯೇ ಇಲ್ಲದ ಬರೀ ಒಂದು ಓರೆಗೀಟು, ಆಮೇಲೆ ಕತ್ತು, ಕತ್ತಿನಿಂದ ಏರಿದ ಒಂದು ಗದ್ದ.

"ಅಷ್ಟು ಚೂಪು ಬ್ಯಾಡ," ಎಂದರು ಅತ್ತೆ. ನಾನು ಹಿಂದಿ ಮಾಡುವ ಮೊದಲೇ ಅವರ ಬೆರಳು ಹಾಳೆಯ ಮೇಲೆ ತೋರಿಸಿತು, ಚಿತ್ರಕಾರರು ಅಲ್ಲೇ ಎರಡನೆಯ ಗದ್ದ ಬರೆದರು. "ಇನ್ನಾ ಒಂಚೂರು ಕೆಳಗ, ಗುಂಡಗ." ಮೂರನೆಯದು ಬಂತು. ಮೂರೂ ಗದ್ದಗಳು ಒಂದರೊಳಗೊಂದು ಕೂತವು, ಒಳಗಿನ ಎರಡು ತೆಳ್ಳಗೆ, ಹೊರಗಿನದು ಗಟ್ಟಿಯಾಗಿ. "ಹಾಂ," ಎಂದರು ಅತ್ತೆ. ಮೂಗಿನ ತುದಿ ಮೇಲಕ್ಕೆದ್ದಿತು. "ಹಾಂ, ಹಾಂ." ಓಲೆ ತೂಗಿತು. ನಾನು ಎದ್ದು ನಿಂತು, "ಬಂದ್ರು! ಬರಾಕತ್ಯಾರ್ರೀ ಅತ್ತೀ!" ಎಂದು ಚಪ್ಪಾಳೆ ತಟ್ಟಿದೆ.

"ನೀ ಸುಮ್ನ ಕೂಡವಾ," ಎಂದರು ಅತ್ತೆ ಹಾಳೆಯಿಂದ ಕಣ್ಣು ಕೀಳದೆ. "ನಿನ್ನ ಗದ್ದಲಕ್ಕ ನಮ್ಮವ್ವ ಹೆದರಿ ಮತ್ತ ಓಡಿ ಹೋದಾಳು."

ಸೆರಗು ಬಾಯಿಗೆ ತುರುಕಿಕೊಂಡು ಕೂತೆ. ಚಿತ್ರಕಾರರು ಪೆನ್ಸಿಲ್ ಬದಲಿಸಿದರು, ಕಪ್ಪನೆಯ ಮೆತ್ತನೆಯದನ್ನು ತೆಗೆದುಕೊಂಡರು. ಕೆಳತುಟಿಯ ಅಡಿಯಲ್ಲಿ ಒಂದೇ ಒಂದು ಗೀಟನ್ನು ಒತ್ತಿ ಎಳೆದರು. ಕಣ್ಣುಗಳು ಇನ್ನೂ ಬರೀ ರೆಪ್ಪೆಯ ಎರಡು ಕಮಾನು, ಕೆಳಗೆ ನೋಡುತ್ತಿರುವಂತೆ. ಅವರು ಕಣ್ಣಿನ ಕಡೆಗೆ ಕೈ ಒಯ್ಯುವಷ್ಟರಲ್ಲಿ ಅತ್ತೆ ಅವರ ಮಣಿಕಟ್ಟು ಹಿಡಿದರು.

"ತಡಿಯಪಾ. ಸಾಕು. ಇಲ್ಲೇ ನಿಂದ್ರಸು."

ಹಾಳೆಯನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಹೋದರು. ಅವರ ಬಾಯಿಂದ ಬಂದದ್ದು ನಾನು ಕಾದಿದ್ದ ಮಾತೇ ಅಲ್ಲ.

"ಇಷ್ಟು ಸಣ್ಣಾಕಿ ಇದ್ಲಾ?" ಎಂದರು. "ಅಯ್ಯ, ಇದಿನ್ನಾ ಹುಡುಗಿ ಅದಲ್ಲವಾ! ಇದಕ್ಕೇನ್ ತಿಳೀತಿತ್ತು? ಇದಕ್ಕೆಷ್ಟು ಅಂಜಿಕಿ ಆಗಿರಬೇಕು ಅವತ್ತು." ಸೀರೆಯ ತುದಿಯಿಂದ ಕಣ್ಣೊರೆಸಿಕೊಂಡರು. "ನಾ ಮುದುಕಿ, ಇಷ್ಟು ವರ್ಷ ಈ ಕೂಸಿಗೆ ಬೈಕೋತ ಕುಂತೀನಿ ನೋಡು."

ನಾನು ಅತ್ತುಬಿಟ್ಟೆ. ನನ್ನ ಮಗಳು ಅತ್ತಳು. ಚಿತ್ರಕಾರರು ಪೆನ್ಸಿಲ್ಲನ್ನು ಸುಮ್ಮನೆ ಕೆತ್ತುತ್ತಾ ಕೂತರು.

ಹೊರಡುವಾಗ ಅವರು ಹಾಳೆಗೆ ಕೈ ಚಾಚಿ, ಇದನ್ನು ಒಯ್ದು ಇದರ ಮೇಲಿಂದ ದೊಡ್ಡ ಚಿತ್ರ ಮಾಡುತ್ತೇನೆ, ಕಣ್ಣು, ಸೀರೆಯ ಅಂಚು ಎಲ್ಲ ಪೂರ್ತಿ ಮಾಡುತ್ತೇನೆ ಎಂದರು. ಅತ್ತೆ ಕೊಡಲಿಲ್ಲ. ತಿದ್ದಿದರೆ ಮತ್ತೆ ಬೇರೆ ಯಾರೋ ಆಗಿಬಿಡುತ್ತಾಳೆ ಎಂಬ ಹೆದರಿಕೆ ಅವರಿಗೆ. ನನಗಂತೂ ಹಾಲು ಕುಡಿದಷ್ಟು ಸಂತೋಷ. ಚಿತ್ರಕಾರರು ಒಂದು ಕ್ಷಣ ನೋಡಿ, ತಮ್ಮ ಸಹಿಯನ್ನೂ ಹಾಕದೆ, ಗೀಟು ಅಳಿಸಿಹೋಗದ ಹಾಗೆ ಔಷಧಿ ಮಾತ್ರ ಸಿಂಪಡಿಸಿ ಹೋದರು.

ಸಮಾರಂಭದ ದಿನ ಕಾಲೋನಿಯ ಹಾಲಿನಲ್ಲಿ, ಹೂವಿನ ಮಂಟಪದ ಪಕ್ಕ, ತೆಳ್ಳನೆಯ ಕಟ್ಟಿಗೆಯ ಚೌಕಟ್ಟಿನಲ್ಲಿ ಆ ಚಿತ್ರವನ್ನು ಇಟ್ಟೆವು. ಬೆಳಗಾವಿಯಿಂದ ಬಂದ ಭಾವನವರು ಕನ್ನಡಕ ಏರಿಸಿ ನೋಡಿದರು.

"ಏನವಾ ಇದು? ಅರ್ಧಾಮರ್ಧಾ ಅದ. ಮೂರು ಗದ್ದ ಅವ. ಮಂದಿ ಏನಂದಾರು?"

"ಮಂದಿಗೆ ನಾ ಹೇಳ್ತೀನ್ರೀ," ಎಂದು ನಾನು ಸೆರಗು ಸಿಕ್ಕಿಸಿದೆ. ಅವತ್ತು ನಾನು ಹೇಳಿದೆ ಕೂಡ. ಬಂದವರನ್ನೆಲ್ಲ ಚಿತ್ರದ ಮುಂದೆ ನಿಲ್ಲಿಸಿ, ಈ ಮೊದಲನೆಯ ಗದ್ದ ನನ್ನ ಮಗಳದು, ಇದು ಅತ್ತೆ ತಿದ್ದಿಸಿದ್ದು, ಈ ಮೂರನೆಯದು ಮುತ್ತಜ್ಜಿಯದೇ ಎಂದು ಬೆರಳಿಟ್ಟು ತೋರಿಸಿದೆ. ಪವಾಯಿಯ ಆಫೀಸಿನವರು, ಪಕ್ಕದ ಬಿಲ್ಡಿಂಗಿನ ಉಡುಪಿಯವರು, ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಊಟಕ್ಕೆ ಬಂದಿದ್ದ ಚಿತ್ರಕಾರರು ನಾಚಿಕೊಂಡು ಕಂಬದ ಹಿಂದೆ ನಿಂತರು.

ಆರತಿಗೆ ಮೊದಲು ಆಚಾರ್ಯರು ಅತ್ತೆಗೆ ಹೇಳಿದರು: "ಅಜ್ಜಿಯವರ, ಇವತ್ತ ಎಲ್ಲಾರೂ ನಿಮ್ಮ ಕಾಲಿಗೆ ಬೀಳ್ತಾರ. ಅದಕ್ಕೂ ಮೊದಲ ನಿಮಗಿಂತ ಹಿರ್ಯಾರಿಗೆ ನೀವು ನಮಸ್ಕಾರ ಮಾಡಬೇಕು. ಈ ಹಾಲಿನಾಗ ನಿಮಗಿಂತ ಹಿರ್ಯಾರು ಅಂದ್ರ ನಿಮ್ಮ ತಾಯಿ ಒಬ್ರ."

ಅತ್ತೆ ಎದ್ದರು. ನನ್ನ ಮಗಳು ತೋಳು ಹಿಡಿದು ಚಿತ್ರದ ತನಕ ನಡೆಸಿಕೊಂಡು ಹೋದಳು. ಹಾಲಿನಲ್ಲಿದ್ದ ಕೆಲವರು ತಾವೂ ಕೈ ಜೋಡಿಸಿದರು.

ಅತ್ತೆ ಕೈ ಮುಗಿಯಲಿಲ್ಲ. ಎರಡೂ ಅಂಗೈಗಳನ್ನು ಆ ಹುಡುಗಿಯ ಕೆನ್ನೆಗಳ ಮೇಲಿಂದ ಮೆಲ್ಲಗೆ ಇಳಿಸಿ, ಬೆರಳುಗಳನ್ನು ತಮ್ಮ ಕಣತಲೆಗೆ ಒತ್ತಿಕೊಂಡು, ಲಟಲಟನೆ ನೆಟಿಗೆ ಮುರಿದರು.

"ಯಾರ ಕಣ್ಣೂ ತಾಕದಿರ್ಲಿ ನನ್ನ ಕೂಸಿಗೆ," ಎಂದರು.